ಬೇವು: ನಾಲ್ಕು ಹೂವಿನ ಅಳತೆ

ಯುಗಾದಿಯ ದಿನ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಯಾರ ಮನೆಯ ಹೊಸ್ತಿಲು ದಾಟಿದರೂ ಕಿವಿಗೆ ಬೀಳುವ ಮೊದಲ ಮಾತು “ಬರ್ರಿ, ಬೇವು ಕುಡದು ಹೋಗ್ರಿ” ಎಂಬುದು. ದಕ್ಷಿಣದ ಜಿಲ್ಲೆಗಳಿಂದ ಹೊಸದಾಗಿ ಬಂದವರು ಈ ಕರೆಗೆ ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಅವರ ಪಾಲಿಗೆ ಬೇವು ಎಂದರೆ ತುಣುಕು ಬೆಲ್ಲದ ಜೊತೆ ಮುಖ ಕಿವುಚಿಕೊಂಡು ನುಂಗುವ ಎಲೆ. ಅದನ್ನು ಲೋಟ ತುಂಬ ಕುಡಿಯುವುದು ಹೇಗೆ? ತುಟಿಗೆ ಹಚ್ಚಿದ ಮೇಲೆ ಅಂಜಿಕೆ ಹೋಗುತ್ತದೆ. ಹುಣಸೆಹುಳಿಯ ನೀರಿನಲ್ಲಿ ಬೆಲ್ಲ ಕರಗಿಸಿ, ಪುಟಾಣಿ ಹಿಟ್ಟು ಕಲಸಿ, ಒಣಕೊಬ್ಬರಿ, ಗಸಗಸೆ, ಉತ್ತತ್ತಿ, ದ್ರಾಕ್ಷಿ, ಹೆಚ್ಚಿದ ಮಾವಿನಕಾಯಿ ಹಾಕಿದ ದಪ್ಪನೆಯ ಸಿಹಿ ಪಾನಕ ಅದು. ಬೇವಿನದು ಎಂದು ಅದರಲ್ಲಿ ಇರುವುದು ಮೇಲೆ ಉದುರಿಸಿದ ನಾಲ್ಕಾರು ಹೂವು ಮಾತ್ರ. ಹೆಸರು ಮಾತ್ರ ಆ ಹೂವಿನದೇ. ಬೆಲ್ಲ ಅರ್ಧ ಗಡಿಗೆ ಇದ್ದರೂ ಯಾರೂ ಅದನ್ನು ‘ಬೆಲ್ಲ’ ಎನ್ನುವುದಿಲ್ಲ, ‘ಬೇವು’ ಎನ್ನುತ್ತಾರೆ.

ನಮ್ಮ ನಾಡಿನ ಅತಿ ಕಹಿಯಾದ ಮರದ ಹೆಸರು ನಮ್ಮ ಹಬ್ಬದ ಅತಿ ಸಿಹಿಯಾದ ಪಾನಕಕ್ಕೆ ಬಂದು ಕೂತದ್ದು ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಎರಡಕ್ಷರದ ಆ ಪದ ಭಾಷೆಯ ಬೇರಿನಿಂದ ಹಿಡಿದು ಯೂರಿಯಾ ಚೀಲದ ತನಕ ಕರೆದುಕೊಂಡು ಹೋಗುತ್ತದೆ.

ಮೊದಲು ಒಡಹುಟ್ಟಿದವರನ್ನು ನೋಡೋಣ. ತಮಿಳಿನಲ್ಲಿ ಇದು ವೇಂಬು, ಮಲಯಾಳದಲ್ಲಿ ವೇಪ್ಪು, ತೆಲುಗಿನಲ್ಲಿ ವೇಪ ಅಥವಾ ವೇಮು, ತುಳುವಿನಲ್ಲಿ ನಮ್ಮಂತೆಯೇ ಬೇವು. ಕನ್ನಡದ ರೂಪ ಈ ಬಳಗದಿಂದ ಎರಡು ಹೆಜ್ಜೆ ಸರಿದು ನಿಂತಿದೆ. ಪದದ ಮೊದಲಿನ ವಕಾರ ಬಕಾರವಾದದ್ದು ಮೊದಲ ಹೆಜ್ಜೆ. ತಮಿಳಿನ ವೇರು ನಮಗೆ ಬೇರು, ವಾಳೈ ನಮಗೆ ಬಾಳೆ, ಅವರು ‘ವಾ’ ಎಂದು ಕರೆದರೆ ನಾವು ‘ಬಾ’ ಎನ್ನುತ್ತೇವೆ. ಅದೇ ದಾರಿಯಲ್ಲಿ ವೇಂಬು ಬೇವಾಯಿತು. ದೀರ್ಘ ಸ್ವರದ ಮುಂದಿದ್ದ ಅನುನಾಸಿಕ ಉದುರಿದ್ದು ಎರಡನೆಯ ಹೆಜ್ಜೆ. ತಮಿಳಿನ ಪಾಂಬು ಹಳಗನ್ನಡದಲ್ಲಿ ಪಾವು, ಮುಂದೆ ಹಾವು. ಅವರ ತೂಂಗು ನಮ್ಮ ತೂಗು. ಹಾವು ಮತ್ತು ಬೇವು ಹೀಗೆ ಒಂದೇ ಅಚ್ಚಿನಲ್ಲಿ ಎರಕಗೊಂಡ ಪದಗಳು. ಒಂದರ ಹಲ್ಲಿನಲ್ಲಿ ವಿಷ, ಇನ್ನೊಂದರ ಎಲೆಯಲ್ಲಿ ಔಷಧ ಎಂದು ಬೇರೆ ಮಾಡಲು ನಾಲಗೆ ತುದಿಗೆ ಬರುತ್ತದೆ. ಆದರೆ ಬೇವಿನ ವಿಷಯದಲ್ಲಿ ವಿಷ ಮತ್ತು ಔಷಧದ ನಡುವಿನ ಗೆರೆ ಅಷ್ಟು ಸರಳವಾಗಿಲ್ಲ. ಅಲ್ಲಿಗೆ ಆಮೇಲೆ ಬರೋಣ.

ಸದ್ದು ಕೂಡಿದಲ್ಲೆಲ್ಲ ನೆಂಟಸ್ತನ ಹುಡುಕುವ ಆಸೆ ಎಲ್ಲರಿಗೂ ಇರುತ್ತದೆ. ಬೇವು ‘ಬೇಯು’ ಎಂಬ ಕ್ರಿಯೆಯಿಂದ ಬಂತೇ, ಕಷಾಯಕ್ಕೆ ಬೇಯಿಸುವುದರಿಂದ ಆ ಹೆಸರೇ? ‘ಬೇನೆ’ಗೆ ಮದ್ದಾದ್ದರಿಂದ ಬೇವೇ? ಎರಡೂ ಅಲ್ಲ. ‘ಬೇಯು’ವಿನ ತಮಿಳು ಒಡನಾಡಿಯಲ್ಲಿ ಆ ‘ಂಬು’ ಇಲ್ಲವೇ ಇಲ್ಲ. ಅದರ ಬೇರೇ ಬೇರೆ. ಬೇನೆಯಂತೂ ಸಂಸ್ಕೃತದ ವೇದನೆಯಿಂದ ಇಳಿದು ಬಂದ ಪದ. ಬೇವು ಯಾವ ಕ್ರಿಯೆಯಿಂದಲೂ ಹುಟ್ಟಿದ್ದಲ್ಲ, ಮರವನ್ನು ಕಂಡು ಮರಕ್ಕೇ ಇಟ್ಟ ಹೆಸರು.

ಈ ಹೆಸರು ನಮ್ಮ ಭಾಗದಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬುದಕ್ಕೆ ದಿನನಿತ್ಯದ ಮಾತೇ ಸಾಕ್ಷಿ. ಕೊಪ್ಪಳದ ಕಡೆ ಬೇಡ ಎನ್ನುವುದು ‘ಬ್ಯಾಡ’, ಬೇಳೆ ‘ಬ್ಯಾಳಿ’, ಬೇರೆ ‘ಬ್ಯಾರೆ’, ಬೇಸಗೆ ‘ಬ್ಯಾಸಗಿ’. ಆದರೆ ಬೇವು ಯಾರ ಬಾಯಲ್ಲೂ ‘ಬ್ಯಾವು’ ಆಗಿಲ್ಲ. ಮುಂದಿನ ಅಕ್ಷರದಲ್ಲಿ ಉಕಾರವಿದ್ದರೆ ಏಕಾರ ಬಾಯಿ ತೆರೆಯುವುದಿಲ್ಲ. ಬೇರು, ಬೇಕು, ಬೇವು ಮೂರೂ ಹಾಗೇ ನಿಂತಿವೆ. ‘ಬೇವಿನ’ ಎಂದಾಗಲೂ ಇಕಾರ ಅದೇ ಕಾವಲು ಕಾಯುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಆ ಸೀಮೆಯ ಮಾತು ಸಾವಿರ ವರ್ಷಗಳಲ್ಲಿ ಎಷ್ಟೋ ಸ್ವರಗಳನ್ನು ಹಿಗ್ಗಿಸಿದೆ, ಕುಗ್ಗಿಸಿದೆ. ಬೇವನ್ನು ಮುಟ್ಟಿಲ್ಲ.

ಹಾಗೆಂದು ಇಲ್ಲಿ ಬೇರೆ ಹೆಸರುಗಳು ಬರಲಿಲ್ಲವೆಂದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ, ಪ್ರಾಕೃತದಲ್ಲಿ. ಉತ್ತರದ ಭಾಷೆ ಈ ಬಂಡೆಗಳ ಮೇಲೆ ಕೂತು ಎರಡು ಸಾವಿರ ವರ್ಷದ ಮೇಲಾಯಿತು. ಸಂಸ್ಕೃತದ ನಿಂಬ, ಅರಿಷ್ಟ, ಪಿಚುಮಂದ ಎಂಬ ಹೆಸರುಗಳು ವೈದ್ಯರ ಓಲೆಗಳಿಗೆ ಬಂದವು. ನಿಂಬದಿಂದ ಹಿಂದಿಯ ನೀಮ್ ಆಯಿತು, ಅಲ್ಲಿಂದ ಇಂಗ್ಲಿಷಿಗೂ ಅದೇ ಹೋಯಿತು. ಪೋರ್ಚುಗೀಸರು ಕಹಿ ಎಂಬರ್ಥದ ತಮ್ಮ ಪದದಿಂದ ಕರೆದದ್ದು ‘ಮಾರ್ಗೋಸಾ’ ಆಗಿ ಪುಸ್ತಕ ಸೇರಿತು. ಪಾರಸಿಯಲ್ಲಿ ‘ಆಜಾದ್ ದರಖ್ತ್’ ಎಂದರೆ ಸ್ವತಂತ್ರ ಮರ, ಉತ್ತಮ ಮರ. ಯುರೋಪಿನ ಸಸ್ಯಶಾಸ್ತ್ರಜ್ಞರು ಆ ಪಾರಸಿ ಮಾತನ್ನೇ ಲ್ಯಾಟಿನ್ನಿಗೆ ಒಗ್ಗಿಸಿದರು. 1830ರಲ್ಲಿ ಫ್ರಾನ್ಸಿನ ಆದ್ರಿಯಾನ್ ದ ಜುಸ್ಸಿಯು ಬೇವಿಗೆ ‘ಅಜಾಡಿರಾಕ್ಟ ಇಂಡಿಕ’ ಎಂಬ ಹೆಸರನ್ನು ನೆಲೆಗೊಳಿಸಿದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಸಾಹೇಬರು ನೀಮ್ ಎಂದರು, ಹಕೀಮರೂ ನೀಮ್ ಎಂದರು. ಕಟ್ಟೆಯ ಮೇಲೆ ಕೂತ ಊರು ಮಾತ್ರ ಬೇವು ಎನ್ನುತ್ತಲೇ ಇತ್ತು.

ಗಂಗಾವತಿಯ ಕಡೆ ಇನ್ನೊಂದು ಅಪರೂಪದ ಸಂಗತಿ ನಡೆದಿದೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರ ಆಚೆ ಎಡದಂಡೆ ಕಾಲುವೆಯಲ್ಲಿ ಹರಿಯತೊಡಗಿದ ಮೇಲೆ ಆಂಧ್ರದ ರೈತ ಕುಟುಂಬಗಳು ಬಂದು ನೆಲೆಸಿದವು. ಅವರ ವಸತಿಗಳಿಗೆ ಇವತ್ತಿಗೂ ‘ಕ್ಯಾಂಪ್’ ಎಂದೇ ಹೆಸರು. ಆ ಮನೆಗಳಲ್ಲಿ ಯುಗಾದಿಗೆ ಆರು ರುಚಿಯ ಪಚ್ಚಡಿ. ಅದಕ್ಕೆ ಬೀಳುವುದು ವೇಪಪುವ್ವು. ಪಕ್ಕದ ಕನ್ನಡ ಹಳ್ಳಿಯಲ್ಲಿ ಬೇವಿನ ಹೂವು. ಎಂದೋ ಒಂದೇ ತಾಯಿಯ ಮಡಿಲಿನಿಂದ ಇಳಿದು ಬೇರೆ ಬೇರೆ ದಾರಿ ಹಿಡಿದ ಎರಡು ಪದಗಳು ಭತ್ತದ ಗದ್ದೆಯ ಒಂದೇ ಬದುವಿನ ಮೇಲೆ ಮತ್ತೆ ಎದುರಾಗಿವೆ, ಒಂದು ವಕಾರದಲ್ಲಿ, ಇನ್ನೊಂದು ಬಕಾರದಲ್ಲಿ. ಹೂವು ಎರಡೂ ಮನೆಯವರಿಗೆ ಒಂದೇ ಮರದ್ದು.

ಹೆಸರು ಮರದಿಂದ ಇಳಿದು ನೆಲಕ್ಕೂ ಹತ್ತಿತು. ಯಲಬುರ್ಗಾ ತಾಲ್ಲೂಕಿನಲ್ಲಿ ಬೇವೂರು ಇದೆ. ಬೇವು ಮತ್ತು ಊರು ಕೂಡಿ ಲೋಪಸಂಧಿಯಲ್ಲಿ ಹುಟ್ಟಿದ ಹೆಸರು, ಜನರ ಬಾಯಲ್ಲಿ ಬೇವೂರ. ಕೊಪ್ಪಳ ತಾಲ್ಲೂಕಿನಲ್ಲಿ ಹಿಟ್ನಾಳದ ಹತ್ತಿರ ಬೇವಿನಹಳ್ಳಿ ಇದೆ. ಇವತ್ತು ಆ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಬೀಡುಕಬ್ಬಿಣದ ಕಾರ್ಖಾನೆ. ಬಾಗಲಕೋಟೆ ಕಡೆಯೂ ಒಂದು ಬೇವೂರು ಇದೆ. ಬೇವಿನಕಟ್ಟಿ, ಬೇವಿನಗಿಡದ, ಬೇವಿನಮರದ ಎಂಬ ಮನೆತನಗಳು ಉತ್ತರ ಕರ್ನಾಟಕದ ತುಂಬ ಇವೆ. 1973ರಿಂದ 1975ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಗೋಪಾಲ ಗುರುನಾಥ ಬೇವೂರ ಅವರ ಹೆಸರಿನ ಕೊನೆಗೂ ಇದೇ ಮರದ ನೆರಳು. ಇಲ್ಲಿನ ಮಾತಿನಲ್ಲಿ ಮರಕ್ಕೆ ‘ಗಿಡ’ ಎನ್ನುತ್ತಾರೆ, ಎಲೆಗೆ ‘ತಪ್ಪಲ’ ಎನ್ನುತ್ತಾರೆ. ಮೂರು ತಲೆಮಾರಿಗೆ ನೆರಳು ಕೊಟ್ಟ ಹೆಮ್ಮರವೂ ‘ಬೇವಿನ ಗಿಡ’ವೇ.

ಈ ಪದದ ಮಕ್ಕಳನ್ನು ನೋಡಿದರೆ ಬೇವು ಎಂಬುದು ಮರದ ಹೆಸರಾಗಿದ್ದದ್ದು ಮೆಲ್ಲಗೆ ಒಂದು ರುಚಿಯ, ಒಂದು ರೂಪದ ಹೆಸರೂ ಆದದ್ದು ತಿಳಿಯುತ್ತದೆ. ಕರಿಬೇವಿನ ಎಲೆ ಬೇವಿನ ಎಲೆಯ ಹಾಗೆ ಸಾಲಾಗಿ ಕೂತಿರುತ್ತದೆ, ಆದ್ದರಿಂದ ಆ ಹೆಸರು; ಕುಲದಲ್ಲಿ ಅದು ನಿಂಬೆಯ ಕಡೆಯದು. ನಾವು ಅದರ ಮೊದಲ ಭಾಗವನ್ನು ‘ಕಪ್ಪು’ ಎಂದು ಕೇಳಿಸಿಕೊಳ್ಳುತ್ತೇವೆ. ತಮಿಳಿನಲ್ಲಿ ಅದು ಮಸಾಲೆಯ ಅಡುಗೆಯನ್ನು ಹೇಳುವ ‘ಕಱಿ’, ಕಪ್ಪನ್ನು ಹೇಳುವ ಪದಕ್ಕಿಂತ ಬೇರೆ ರಕಾರದ್ದು. ನೆಲಬೇವು ಮೊಣಕಾಲೆತ್ತರದ ಗಿಡ. ಬೇವಿನ ವಂಶವೇ ಅಲ್ಲ, ಕಹಿಯಲ್ಲಿ ಬೇವಿಗೂ ಒಂದು ಕೈ ಮೇಲೆ. ಹೆಬ್ಬೇವು ಮಾತ್ರ ಹತ್ತಿರದ ದಾಯಾದಿ. ಹೆಬ್ಬಾವು, ಹೆಬ್ಬೆರಳಿನ ಹಾಗೆ ‘ಹಿರಿದು’ ಸೇರಿ ಆದ ಹೆಸರು ಅದು. ಪ್ಲೈವುಡ್ಡಿಗಾಗಿ ಈಗ ಹೊಲಗಳಲ್ಲಿ ಸಾಲು ಸಾಲಾಗಿ ಬೆಳೆಯುತ್ತಾರೆ. ಇನ್ನೊಬ್ಬ ದಾಯಾದಿ ಹುಚ್ಚುಬೇವು. ನೇರಳೆ ಬಣ್ಣದ ಹೂ, ಗೊಂಚಲು ಗೊಂಚಲು ಹಳದಿ ಹಣ್ಣು. ಆ ಹಣ್ಣು ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ವಿಷ. ಪಾರಸಿಯ ಅದೇ ಆಜಾದ್ ದರಖ್ತ್ ಈ ಮರದ ಲ್ಯಾಟಿನ್ ಹೆಸರಿನಲ್ಲೂ ಕೂತಿದೆ. ಶಾಸ್ತ್ರದ ಹೆಸರು ಎರಡನ್ನೂ ಹತ್ತಿರ ತಂದರೆ, ಜನ ‘ಹುಚ್ಚು’ ಎಂಬ ಒಂದು ಮಾತು ಮುಂದಿಟ್ಟು ದೂರ ಇಟ್ಟರು. ತಿಳಿದವರು ಇಟ್ಟ ಹೆಸರು ಅದು, ಮಕ್ಕಳು ಹಣ್ಣು ಆರಿಸುವ ಮೊದಲೇ ಕೂಗಿ ಎಚ್ಚರಿಸುವ ಹೆಸರು.

ಇನ್ನು ಕಹಿಯ ಮಾತು. ‘ಕಹಿ’ಯೂ ಹಳೆಯದೇ. ಹಳಗನ್ನಡದ ಕಯ್ಪು, ಕಯ್ಪೆಗಳಲ್ಲಿದ್ದ ಪಕಾರ ಹಕಾರವಾಗಿ ಸವೆದು ಕಹಿ ಉಳಿಯಿತು. ಬೇವಿನ ಕಹಿಗೆ ಕಾರಣವಾದ ವಸ್ತುಗಳ ಗುಂಪಿಗೆ ರಸಾಯನಶಾಸ್ತ್ರದಲ್ಲಿ ಲಿಮೊನಾಯ್ಡ್ ಎಂದು ಹೆಸರು. ನಿಂಬೆಯ ಜಾತಿಯ ಹಣ್ಣಿನ ಬೀಜದಲ್ಲಿ ಸಿಕ್ಕ ಲಿಮೊನಿನ್ ಎಂಬ ಕಹಿಯಿಂದ ಆ ಹೆಸರು ಬಂತು. 1942ರಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನ ಎಣ್ಣೆಯಿಂದ ಕಹಿ ವಸ್ತುಗಳನ್ನು ಬೇರ್ಪಡಿಸಿ ಒಂದಕ್ಕೆ ‘ನಿಂಬಿನ್’ ಎಂದು ಹೆಸರಿಟ್ಟರು. ಸಂಸ್ಕೃತದ ನಿಂಬ ಹೀಗೆ ಪ್ರಯೋಗಶಾಲೆ ಸೇರಿತು. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಇನ್ನೊಂದನ್ನು ಬೇರ್ಪಡಿಸಿದರು. ಅದು ಅಜಾಡಿರಾಕ್ಟಿನ್, ಪಾರಸಿಯ ಸ್ವತಂತ್ರ ಮರ ಈಗ ಒಂದು ಅಣುವಿನ ಹೆಸರು. ಆ ಅಣು ಎಷ್ಟು ತೊಡಕಿನದೆಂದರೆ, ಅದನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕಟ್ಟಿ ನಿಲ್ಲಿಸಲು ಕೇಂಬ್ರಿಜಿನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2007ರಲ್ಲಿ. ಬೇವೂರಿನ ಕಟ್ಟೆಯ ಗಿಡ ಅದನ್ನು ಪ್ರತಿ ಬೇಸಿಗೆಯಲ್ಲೂ ಬೀಜದ ತಿರುಳಿನಲ್ಲಿ ತುಂಬಿಡುತ್ತದೆ. ಎಲೆಯಲ್ಲಿ ಇದು ತೀರ ಕಡಿಮೆ, ತಿರುಳಿನಲ್ಲಿ ಹೆಚ್ಚು. ಹೆಚ್ಚು ಎಂದರೂ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ.

ಅಷ್ಟೇ ಸಾಕು ಹುಳಕ್ಕೆ. 1959ರಲ್ಲಿ ಜರ್ಮನಿಯ ಕೀಟತಜ್ಞ ಹೈನ್‌ರಿಖ್ ಶ್ಮುಟ್ಟರರ್ ಸುಡಾನಿನಲ್ಲಿ ಮಿಡತೆಯ ಹಿಂಡು ಹಸುರೆಲ್ಲ ಬೋಳು ಮಾಡಿ ಬೇವಿನ ಗಿಡಗಳನ್ನಷ್ಟೇ ಬಿಟ್ಟುಹೋದದ್ದನ್ನು ಕಂಡ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಪುಡಿ ಕಲಸಿದ ನೀರು ಚಿಮುಕಿಸಿದರೆ ಮಿಡತೆ ಬೆಳೆ ಮುಟ್ಟುವುದಿಲ್ಲ ಎಂದು ತೋರಿಸಿದರು. ಅಜಾಡಿರಾಕ್ಟಿನ್ ಹುಳವನ್ನು ಹೊಡೆದು ಕೆಡಹುವ ವಿಷವಲ್ಲ. ಹುಳದ ಬಾಯಿ ಕಟ್ಟುತ್ತದೆ. ತಿಂದರೂ ಪೊರೆ ಬಿಡುವ ಹಾರ್ಮೋನಿನ ಲೆಕ್ಕ ತಪ್ಪಿಸುತ್ತದೆ. ಹುಳ ಪೊರೆ ಕಳಚಲಾರದೆ, ಬೆಳೆಯಲಾರದೆ ಮೆಲ್ಲಗೆ ಸಾಯುತ್ತದೆ. ಸಂಜೆ ಹೊಡೆದು ಬೆಳಿಗ್ಗೆ ಹೊಲಕ್ಕೆ ಹೋಗಿ “ಹುಳ ಇನ್ನೂ ಅದಾವ” ಎಂದು ಬೇಸರ ಪಡುವವರಿಗೆ ತಿಳಿಸಿ ಹೇಳಬೇಕಾದ ಮಾತು ಇದು.

ಅಡುಗೆಮನೆಯಷ್ಟೇ ಹಳೆಯದಾದ ಈ ತಿಳಿವಳಿಕೆಗೆ ಕೃಷಿ ಇಲಾಖೆಯ ಕರಪತ್ರಗಳಲ್ಲಿ ಈಗ ಅಳತೆ ಸಿಕ್ಕಿದೆ. ಶೇ 5ರ ಬೇವಿನ ಬೀಜದ ಕಷಾಯವೆಂದರೆ 5 ಕಿಲೋ ತಿರುಳಿಗೆ 100 ಲೀಟರ್ ನೀರು. ಮುಂಗಾರಿನ ಮೊದಲು ಬಿದ್ದ ಹಣ್ಣನ್ನು ಆರಿಸಿ, ಸಿಪ್ಪೆ ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿಟ್ಟಿರಬೇಕು. ಬೂಸಲು ಹಿಡಿದು ಕಪ್ಪಾದ ಬೀಜವನ್ನು ತೆಗೆದು ಹಾಕಬೇಕು; ಆ ಬೂಸಲಿನ ವಿಷ ಬೇವಿನದ್ದಕ್ಕಿಂತ ಕೆಟ್ಟದ್ದು. ಕುಟ್ಟಿದ ತಿರುಳನ್ನು ಅರಿವೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಎಲೆಗೆ ಹತ್ತಲೆಂದು ಒಂದಿಷ್ಟು ಸಾಬೂನು ಕಲಸಿ, ಹೊತ್ತು ಇಳಿದ ಮೇಲೆ ಹೊಡೆಯಬೇಕು. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಒಡೆಯುತ್ತದೆ. ಅದರ ಗುಣವೂ ಮಿತಿಯೂ ಇದೇ. ಕೆಲವೇ ದಿನಗಳಲ್ಲಿ ಹೊಲದಲ್ಲಿ ಅದರ ಸುಳಿವು ಉಳಿಯದು, ಹುಳ ಮತ್ತೆ ಬಂದರೆ ಮತ್ತೆ ಹೊಡೆಯಬೇಕು. ಅಂಗಡಿಯ ಬಾಟಲಿಗಳಲ್ಲಿ 300, 1500, 10000 ಪಿಪಿಎಂ ಎಂದು ಮುದ್ರಿಸಿರುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ಅಜಾಡಿರಾಕ್ಟಿನ್ ಎಷ್ಟು ಪಾಲು ಎಂಬುದು ಅದರ ಅರ್ಥ. ಮೊದಲನೆಯದಕ್ಕೂ ಕೊನೆಯದಕ್ಕೂ ಮೂವತ್ತು ಪಟ್ಟಿಗಿಂತ ಹೆಚ್ಚಿನ ಅಂತರ. ‘ಹೋದ ಸಲ ಇಷ್ಟು ಮುಚ್ಚಳ ಹಾಕಿದ್ದೆ’ ಎಂದು ಬೇರೆ ಬಾಟಲಿಗೂ ಅದೇ ಲೆಕ್ಕ ಹಿಡಿದರೆ ಎಲೆ ಸುಡುತ್ತದೆ, ಇಲ್ಲವೇ ಹುಳ ಉಳಿಯುತ್ತದೆ. ಕುಷ್ಟಗಿ, ಯಲಬುರ್ಗಾದ ದಾಳಿಂಬೆ ಬೆಳೆಗಾರರನ್ನು ಕಂಗೆಡಿಸಿದ ದುಂಡಾಣು ಅಂಗಮಾರಿಗೆ ಇದು ಮದ್ದಲ್ಲ. ಹುಳದ ಮದ್ದನ್ನು ರೋಗಕ್ಕೆ ಹೊಡೆದರೆ ದುಡ್ಡೂ ಹೋಗುತ್ತದೆ, ಬೇವಿನ ಹೆಸರೂ ಕೆಡುತ್ತದೆ. ಕೆರೆ, ಮೀನಿನ ಹೊಂಡಗಳ ಹತ್ತಿರವೂ ಎಚ್ಚರ ಬೇಕು; ನೀರಿನ ಸಣ್ಣ ಜೀವಿಗಳಿಗೆ ಇದು ಹಾನಿ.

ಗಂಗಾವತಿಯ ಭತ್ತದ ಗದ್ದೆಗೆ ಈ ಪದ ಇನ್ನೊಂದು ದಾರಿಯಿಂದಲೂ ಇಳಿದಿದೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಚೀಲದ ಮೇಲೆ ‘ಬೇವು ಲೇಪಿತ’ ಎಂದಿರುತ್ತದೆ. ಯೂರಿಯಾದ ಸಾರಜನಕವನ್ನು ನೈಟ್ರೇಟ್ ಆಗಿಸುವ ಮಣ್ಣಿನ ಸೂಕ್ಷ್ಮಜೀವಿಗಳ ಕೈಯನ್ನು ಬೇವಿನೆಣ್ಣೆ ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಗೊಬ್ಬರ ನೀರಿಗೆ, ಗಾಳಿಗೆ ಹೋಗುವುದು ತಗ್ಗಿ ಪೈರಿಗೆ ಹೆಚ್ಚು ದಕ್ಕುತ್ತದೆ. ಲೇಪದ ಅಳತೆ ತೂಕದಲ್ಲಿ ಕನಿಷ್ಠ ಶೇ 0.035. ನಲವತ್ತೈದು ಕಿಲೋ ಚೀಲಕ್ಕೆ ಲೆಕ್ಕ ಹಾಕಿದರೆ ಸುಮಾರು 16 ಗ್ರಾಂ. ಯುಗಾದಿಯ ಗಡಿಗೆಯಲ್ಲಿ ತೇಲುವ ನಾಲ್ಕು ಹೂವಿನಷ್ಟೇ ಇದೂ, ಮತ್ತು ಅಲ್ಲಿನಂತೆ ಇಲ್ಲೂ ಹೆಸರು ಬಂದದ್ದು ಬೇವಿಗೇ.

ಹಳೆಯ ಪದ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಒಂದು ಮೊಕದ್ದಮೆಯಲ್ಲಿ ಗೊತ್ತಾಯಿತು. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿಯ ಹೆಸರಿನಲ್ಲಿ ಪೇಟೆಂಟ್ ಕೊಟ್ಟಿತು. ವಂದನಾ ಶಿವ, ಯುರೋಪಿನ ಸಂಸದೆ ಮಗ್ದಾ ಆಲ್‌ವೋಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ತಕರಾರು ಎತ್ತಿದವು. ಭಾರತದಲ್ಲಿ ಇದು ಮೊದಲಿನಿಂದ ತಿಳಿದದ್ದು, ಮಾಡುತ್ತಿದ್ದದ್ದು ಎಂಬ ಸಾಕ್ಷ್ಯದ ಮೇಲೆ 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚಿನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬೇವಿನೆಣ್ಣಿ, ಬೇವಿನ ಹಿಂಡಿ, ಬೇವಿನ ಕಡ್ಡಿ, ಬೇವಿನ ಚಕ್ಕಿ ಎಂದು ಒಂದು ಭಾಷೆಯಲ್ಲಿ ಇಷ್ಟು ಜೋಡಿಪದಗಳು ಮನೆಮಾತಾಗಿವೆ ಎಂದರೆ ಆ ಭಾಷೆಯವರು ಆ ವಸ್ತುವನ್ನು ಬಹುಕಾಲ ಕೈಯಾಡಿಸಿದ್ದಾರೆ ಎಂದೇ ಅರ್ಥ.

ನಾನು ಹೇಳಬೇಕೆಂದಿರುವ ಮಾತೂ ಆ ಜೋಡಿಪದಗಳಲ್ಲಿಯೇ ಇದೆ. ಅವನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಯಾವುದರಲ್ಲೂ ಬರಿಯ ‘ಬೇವು’ ಇಲ್ಲ. ಎಲ್ಲದರಲ್ಲೂ ‘ಬೇವಿನ’. ನಮ್ಮ ಹಿರಿಯರ ಮಾತಿನಲ್ಲಿ ಷಷ್ಠಿ ವಿಭಕ್ತಿಯ ಆ ‘ಇನ’ ಬಿಟ್ಟು ಬೇವು ಮದ್ದಾಗಿ ಬಂದದ್ದೇ ಇಲ್ಲ. ಬೇವಿನ ಏನು ಎಂದು ಹೇಳಿದರೇ ಮಾತು ಪೂರ್ತಿ. ಕಡ್ಡಿ ಹಲ್ಲಿಗೆ. ತಪ್ಪಲ ಜೋಳದ ಗುಮ್ಮಿಗೆ, ಸ್ನಾನದ ನೀರಿಗೆ, ತೊಟ್ಟಿಲ ತಲೆದೆಸೆಗೆ. ಹಿಂಡಿ ಹೊಲಕ್ಕೆ. ಎಣ್ಣೆ ದನದ ಹುಣ್ಣಿಗೆ, ಗಾಯಕ್ಕೆ. ಹೂವು ಬಾಯಿಗೆ, ಅದೂ ಎಣಿಸಿದಷ್ಟು. ಒಂದೇ ಗಿಡದ ಐದು ಭಾಗಗಳಿಗೆ ಐದು ಜಾಗ, ಐದು ಅಳತೆ. ಇವತ್ತು ನಾವು ಆ ‘ಇನ’ವನ್ನು ಬಿಟ್ಟು ‘ಬೇವು ಒಳ್ಳೆಯದು’ ಎನ್ನತೊಡಗಿದ್ದೇವೆ. ಗಿಡದ್ದಲ್ಲವೇ, ಎಷ್ಟು ತೊಗೊಂಡರೇನು ಎನ್ನತೊಡಗಿದ್ದೇವೆ. ವ್ಯಾಕರಣ ಸಡಿಲಾದ ಜಾಗದಲ್ಲೇ ಅಪಾಯ ನುಸುಳುತ್ತದೆ.

ಅಪಾಯ ಏನೆಂದು ಸ್ಪಷ್ಟವಾಗಿ ಹೇಳಬೇಕು. 1981ರಲ್ಲಿ ಮಲೇಷ್ಯಾದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳ ಪಾಡನ್ನು ವರದಿ ಮಾಡಿದರು. ಸಣ್ಣಪುಟ್ಟ ಕಾಯಿಲೆಗೆಂದು ಮನೆಯವರೇ ಪ್ರೀತಿಯಿಂದ ಕುಡಿಸಿದ ಎಣ್ಣೆ. ಕೆಲವೇ ತಾಸಿನಲ್ಲಿ ವಾಂತಿ, ಮಂಪರು, ಏದುಸಿರು, ಆಮೇಲೆ ಸೆಳವು. ಮಿದುಳಿಗೂ ಯಕೃತ್ತಿಗೂ ಏಟು. ಅಂಥ ಪ್ರಕರಣಗಳು ಭಾರತದಲ್ಲೂ ವರದಿಯಾಗಿವೆ. ಮಗುವಿಗೆ ಒಂದೆರಡು ಚಮಚವೇ ಸಾಕು. ಆದ್ದರಿಂದ ಕೂಸಿಗೆ, ಸಣ್ಣ ಮಕ್ಕಳಿಗೆ ಬೇವಿನೆಣ್ಣೆ ಬಾಯಲ್ಲಿ ಹಾಕಲೇಬಾರದು, ಒಂದು ಹನಿಯನ್ನೂ. ಹಾಕಿದ್ದರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಒಯ್ಯಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬೇವಿನ ಎಣ್ಣೆ ಮತ್ತು ಬೀಜದ ಸಾರ ಗರ್ಭ ನಿಲ್ಲದಂತೆ ಮಾಡಿವೆ, ಗಂಡಿನ ಸಂತಾನಶಕ್ತಿಯನ್ನೂ ತಗ್ಗಿಸಿವೆ; ಬಸುರಿಯರು, ಮಗು ಬಯಸುವವರು ಅದನ್ನು ಸೇವಿಸಬಾರದು. ಸಕ್ಕರೆ ಕಾಯಿಲೆಗೆ ಗುಳಿಗೆ ತೊಗೊಳ್ಳುವವರು ಅದರ ಮೇಲೆ ದಿನಾ ಬೇವಿನ ರಸ ಕುಡಿದರೆ ಸಕ್ಕರೆ ಅಳತೆ ಮೀರಿ ಇಳಿದೀತು. ವೈದ್ಯರನ್ನು ಕೇಳದೆ ಅದು ಬೇಡ.

ಇಲ್ಲಿಯೂ ‘ಬೇವಿನ ಏನು’ ಎಂಬುದೇ ಮುಖ್ಯ. ಶುದ್ಧ ಅಜಾಡಿರಾಕ್ಟಿನ್ ಸಸ್ತನಿಗಳಿಗೆ ತಕ್ಷಣದ ವಿಷವಾಗಿ ಬಹಳ ಸೌಮ್ಯ. ಕೂಸುಗಳನ್ನು ಕಾಡಿದ್ದು ಹತ್ತಾರು ವಸ್ತು ಬೆರೆತ ಎಣ್ಣೆ. ಆಹಾರದ ಮೇಲೆ ಉಳಿಯುವ ಅಜಾಡಿರಾಕ್ಟಿನ್ ಸಾರಕ್ಕೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಮೇರೆ ಹಾಕಿದೆ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರಿಗೆ ಅದು 6 ಮಿಲಿಗ್ರಾಂ. ಹೊಲದಲ್ಲಿ ಅಳತೆಯಂತೆ ಹೊಡೆದು, ಬಿಸಿಲು ಕಂಡು, ತೊಳೆದು ತಿಂದ ಕಾಯಿಪಲ್ಲೆಯಿಂದ ಅಂಜಬೇಕಾದದ್ದು ಇಲ್ಲ. ಅಂಜಬೇಕಾದದ್ದು ಅಳತೆಯಿಲ್ಲದೆ ಬಾಯಿಗೆ ಹಾಕುವ ಎಣ್ಣೆಗೆ, ದಿನವೂ ಮುಷ್ಟಿಗಟ್ಟಲೆ ಅರೆದು ಕುಡಿಯುವ ಹಟಕ್ಕೆ.

ಹಿಂದಿನವರು ಬೇವನ್ನು ಎಲ್ಲಿ ಕಟ್ಟುತ್ತಿದ್ದರು ನೆನೆಸಿಕೊಳ್ಳಿ. ಮನೆಯಲ್ಲಿ ‘ಅಮ್ಮ’ ಆದಾಗ, ಅಂದರೆ ಸಿಡುಬೋ ದಡಾರವೋ ಆದಾಗ, ಬಾಗಿಲಿಗೆ ಬೇವಿನ ತಪ್ಪಲ. ಸಿಡುಬನ್ನು ಓಡಿಸಿದ್ದು ಲಸಿಕೆಯೇ ಹೊರತು ಬೇವಲ್ಲ. ಆದರೆ ಆ ತಪ್ಪಲ ಕಂಡ ನೆರೆಯವರು ಒಳಗೆ ಕಾಲಿಡುತ್ತಿರಲಿಲ್ಲ, ಸೋಂಕು ಹರಡುವುದು ಅಷ್ಟರಮಟ್ಟಿಗೆ ತಗ್ಗುತ್ತಿತ್ತು. ಹುಲಿಗೆಮ್ಮ, ದುರುಗಮ್ಮ, ಮಾರೆಮ್ಮ ಎಂದು ಹರಕೆ ಹೊತ್ತವರು ಬೇವಿನುಡಿಗೆ ಉಟ್ಟರು. ಅದೂ ಮೈಯ ಹೊರಗೆ. ಬಾಗಿಲಿಗೆ, ಗುಮ್ಮಿಗೆ, ಹೊಲದ ಬದುವಿಗೆ, ಊರ ಅಗಸಿಗೆ ಧಾರಾಳವಾಗಿ ಬಂದ ಬೇವು ಬಾಯಿಯ ಬಾಗಿಲಿಗೆ ಬಂದಾಗ ಮಾತ್ರ ಕೈ ಬಿಗಿಯಾಯಿತು.

ಹಾಗಾಗಿ ಯುಗಾದಿಯ ಪಾನಕಕ್ಕೆ ಬಂದ ಆ ಹೆಸರು ನನಗೆ ಈಗ ಬೇರೆಯಾಗಿ ಕೇಳಿಸುತ್ತದೆ. ಇಡೀ ವರ್ಷದಲ್ಲಿ ‘ಇನ’ ಇಲ್ಲದ ಬರಿಯ ‘ಬೇವು’ ನಮ್ಮ ಬಾಯಿಗೆ ಬೀಳುವುದು ಆ ಒಂದು ದಿನ. ಅವತ್ತು ಹುಣಸೆ, ಬೆಲ್ಲ, ಪುಟಾಣಿ, ಉತ್ತತ್ತಿಗಳಷ್ಟೂ ಗಡಿಗೆಯಲ್ಲಿ ಕದಡಿ ಮುಗಿದ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಅಂಗೈಯಲ್ಲಿಟ್ಟುಕೊಂಡ ಹೂವಿನ ಎಸಳನ್ನು ಎರಡು ಬೆರಳಲ್ಲಿ ಹಿಡಿದು ಉದುರಿಸುತ್ತಾಳೆ. ಪಕ್ಕದಲ್ಲಿ ನಿಂತ ಮೊಮ್ಮಗಳು ಇನ್ನಷ್ಟು ಹಾಕಲು ಕೈ ಚಾಚಿದರೆ ತಡೆಯುತ್ತಾಳೆ: “ಸಾಕವ್ವ, ಅಷ್ಟ ಸಾಕು. ಬೇವು ಅನಸ್ಕೊಳ್ಳಾಕ ಅಷ್ಟ ಸಾಕು.”